ಗೋಧಿಗೆ ಭಂಡಾರ ರೋಗ: ಈ ವಾರವೇ ಸಿಂಪಡಿಸಿ

ಪ್ರಶ್ನೆ: ಧಾರವಾಡ ಜಿಲ್ಲೆಯಲ್ಲಿ ಎರಡು ಎಕರೆ ನೀರಾವರಿ ಗೋಧಿ, 50 ದಿನದ ಬೆಳೆ. ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ ಕಾಣುತ್ತಿವೆ. ಹೋದ ವರ್ಷ ಕಾಳು ಜೊಳ್ಳಾಗಿತ್ತು. ಏನು ಮಾಡಲಿ?

ಉತ್ತರ: ಮೊದಲು ಚುಕ್ಕೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಕಿತ್ತಳೆ-ಕಂದು ಪುಡಿ ಅಂಟಿದರೆ ಅದು ಎಲೆ ತುಕ್ಕು, ನಮ್ಮ ಕಡೆ ಹೇಳುವ ಭಂಡಾರ ರೋಗ. ಪುಡಿ ಅಂಟದಿದ್ದರೆ ಎಲೆ ಅಂಗಮಾರಿ ಇರಬಹುದು; ಹಾಗಾಗಿ ಎಲೆ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ.

ತುಕ್ಕೇ ಆಗಿದ್ದರೆ ಕಾಯಬೇಡಿ. ಲೀಟರ್ ನೀರಿಗೆ 1 ಮಿ.ಲೀ. ಪ್ರೊಪಿಕೊನಜೋಲ್ 25 ಇ.ಸಿ. ಬೆರೆಸಿ, ಎಕರೆಗೆ ಸುಮಾರು 200 ಲೀಟರ್ ದ್ರಾವಣವನ್ನು ಕೆಳಗಿನ ಎಲೆಗಳೂ ನೆನೆಯುವಂತೆ ಸಿಂಪಡಿಸಿ. ಮೂರು ದಿನಕ್ಕೊಮ್ಮೆ ಹೊಲದೊಳಗೆ ಮೂಲೆಯಿಂದ ಮೂಲೆಗೆ ನಡೆದು ನೋಡಿ. ಬದುವಿನ ಮೇಲೆ ನಿಂತು ನೋಡಿದರೆ ಸಾಲದು. ತೆನೆಯ ಕೆಳಗಿನ ಎಲೆಯೇ ಕಾಳು ತುಂಬಿಸುವುದು, ಅದನ್ನು ಉಳಿಸಿಕೊಳ್ಳಲೇಬೇಕು. ಹೊಸ ಚುಕ್ಕೆ ಕಂಡರೆ 15 ದಿನಕ್ಕೆ ಮತ್ತೊಮ್ಮೆ ಹೊಡೆಯಿರಿ. ಯೂರಿಯಾ ಹೆಚ್ಚು ಹಾಕಬೇಡಿ, ರೋಗ ಉಲ್ಬಣಿಸುತ್ತದೆ.

ಕಾಂಡದ ಮೇಲೆ ಉದ್ದನೆಯ ಗಾಢ ಕಂದು ಗುಳ್ಳೆ ಎದ್ದರೆ ಅದು ಕಾಂಡ ತುಕ್ಕು, ಇನ್ನೂ ಅಪಾಯಕಾರಿ. ಅದೇ ದಿನ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞರಿಗೆ ತೋರಿಸಿ.

ತುಕ್ಕು ರೋಗದ ಬೀಜಾಣು ನೀಲಗಿರಿ, ಪಳನಿ ಬೆಟ್ಟಗಳಿಂದ ಗಾಳಿಯಲ್ಲಿ ಬರುತ್ತದೆ, ತಡೆಯಲಾಗದು. ಹಾಗಾಗಿ ಬರುವ ಹಿಂಗಾರಿಗೆ ರೋಗ ನಿರೋಧಕ ತಳಿಯನ್ನೇ, ತಡಮಾಡದೆ ಬಿತ್ತಿ.