ಊರಂಚಿನಲ್ಲಿ ಮನೆ ಹುಡುಕುವ ಮುನ್ನ

ಮಗನೇ,

ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಖಾಯಂ ಆಯಿತಂತೆ, ಬೇಸಿಗೆ ರಜೆಯಲ್ಲಿ ದಾವಣಗೆರೆಯ ಮನೆ ಖಾಲಿ ಮಾಡಿ ಎಲ್ಲರೂ ಬೆಂಗಳೂರಿಗೆ ಬರುತ್ತೀರಂತೆ. ನಿಮ್ಮವ್ವ ಫೋನಿನಲ್ಲಿ ಹೇಳಿದಳು, ಸಂತೋಷವಾಯಿತು. ನಗರದ ನಡುವೆ ಬಾಡಿಗೆ ಕಟ್ಟಿ ಪೂರೈಸುವುದಿಲ್ಲ, ಅಂಚಿನಲ್ಲೇ ಮನೆ ನೋಡುತ್ತೇನೆ ಎಂಬ ನಿನ್ನ ಯೋಚನೆಯೂ ಸರಿಯಾದದ್ದೇ. ಆದರೆ ಬಾಡಿಗೆ ಕಡಿಮೆ ಇದ್ದ ಕಡೆಯಲ್ಲೆಲ್ಲ ಸಂಸಾರ ಕಡಿಮೆಯಲ್ಲಿ ನಡೆಯುವುದಿಲ್ಲ. ನೀನು ಬೆಳಿಗ್ಗೆ ಹೋಗಿ ರಾತ್ರಿ ಬರುವವನು. ಆ ಬಡಾವಣೆಯಲ್ಲಿ ಹಗಲೆಲ್ಲ ಇರಬೇಕಾದವರು ನಿನ್ನ ಹೆಂಡತಿ, ಇಬ್ಬರು ಮಕ್ಕಳು, ಮೊಣಕಾಲು ನೋವಿನ ನಿಮ್ಮವ್ವ. ಅವರಿಗೆ ಒಗ್ಗುವ ಜಾಗವನ್ನು ಆರಿಸು. ವರ್ಷದ ಕೊನೆಯಲ್ಲಿ ಲೆಕ್ಕ ಹಾಕಿದರೆ ಅಗ್ಗದ ಜಾಗವೂ ಅದೇ ಆಗಿರುತ್ತದೆ.

ಮೊದಲು ದಿಕ್ಕು ಗೊತ್ತುಮಾಡಿಕೋ. ಆನೇಕಲ್, ಚಂದಾಪುರದ ಕಡೆ ಮನೆ ಸಸ್ತಾ ಎಂದು ಯಾರೋ ಹೇಳುತ್ತಾರೆ, ಹೊಸಕೋಟೆ ಎಂದು ಇನ್ನೊಬ್ಬರು ಹೇಳುತ್ತಾರೆ. ಪೀಣ್ಯಕ್ಕೆ ಹೋಗುವವನಿಗೆ ಅವು ಊರಿನ ಆಚೆ ತುದಿ. ನಿನ್ನ ಹುಡುಕಾಟ ತುಮಕೂರು ರಸ್ತೆಯ ಬದಿಯಲ್ಲಿರಲಿ: ದಾಸರಹಳ್ಳಿ, ನಾಗಸಂದ್ರ, ಚಿಕ್ಕಬಾಣಾವರ, ಮಾದನಾಯಕನಹಳ್ಳಿ, ಕೊನೆಗೆ ನೆಲಮಂಗಲ. ನಾಗಸಂದ್ರದವರೆಗೆ ಇದ್ದ ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದಿದೆ. ಚಿಕ್ಕಬಾಣಾವರದಲ್ಲಿ ರೈಲು ನಿಲ್ದಾಣವೂ ಇರುವುದರಿಂದ ದಾವಣಗೆರೆಗೆ ಹೋಗಿಬರುವಾಗ ಯಶವಂತಪುರ ಮುಟ್ಟುವುದು ಸುಲಭ.

ಮೆಟ್ರೊ ಹತ್ತಿರ ಎಂದು ದಲ್ಲಾಳಿ ಹೇಳಿದರೆ ನಂಬಬೇಡ, ಮನೆಯ ಬಾಗಿಲಿನಿಂದ ನಿಲ್ದಾಣದವರೆಗೆ ನಡೆದು ನೋಡು. ದಾರಿಯಲ್ಲಿ ಹೆದ್ದಾರಿ ದಾಟಬೇಕೇ, ರಾತ್ರಿ ಬೀದಿದೀಪ ಉರಿಯುತ್ತದೆಯೇ ಎಂದು ನೋಡು. ನಡೆಯಲಾಗದಷ್ಟು ದೂರವಿದ್ದರೆ ದಿನಾ ಆಟೊಗೆ ಕೊಡುವ ದುಡ್ಡನ್ನು ಬಾಡಿಗೆಗೆ ಸೇರಿಸಿ ಲೆಕ್ಕ ಮಾಡು. ದೂರ ಹೋದಷ್ಟೂ ಈ ಲೆಕ್ಕ ಬೆಳೆಯುತ್ತದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿದಾಗ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಊರಿನ ಆ ತುದಿಯಿಂದ ಈ ತುದಿಗೆ ಓಡಾಡುವವನಿಗೆ ಹೋಗಿಬರಲು ದಿನಕ್ಕೆ 180, ತಿಂಗಳ 25 ಕೆಲಸದ ದಿನಕ್ಕೆ 4,500 ರೂಪಾಯಿ. ಬಾಡಿಗೆಯಲ್ಲಿ ಉಳಿಸಿದ್ದು ಟಿಕೆಟ್ಟಿನಲ್ಲೇ ಕರಗಿತಲ್ಲ? ಬಿಎಂಟಿಸಿ ಬಸ್ಸು ಹತ್ತು ನಿಮಿಷಕ್ಕೊಂದು ಬರುವ ರಸ್ತೆ ಸಿಕ್ಕರೆ ಬಾಡಿಗೆ ತುಸು ಹೆಚ್ಚಾದರೂ ಚಿಂತೆಯಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲ. ಮುಂದೆ ನಿನ್ನ ಹೆಂಡತಿ ಕೆಲಸಕ್ಕೆ ಹೋಗುವೆನೆಂದರೆ ಆ ಬಸ್ಸೇ ಅವಳಿಗೆ ಬಲ.

ಇನ್ನು ನೀರು. ಇದನ್ನು ಮನಸ್ಸಿಟ್ಟು ಕೇಳು, ಬೆಂಗಳೂರಿನ ಅಂಚಿನಲ್ಲಿ ಸಂಸಾರಗಳು ಸೋಲುವುದು ನೀರಿಗೇ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಅದು. ಆದರೆ ಬೀದಿಯಲ್ಲಿ ಪೈಪು ಹಾದುಹೋಗಿದೆ ಅಂದಮಾತ್ರಕ್ಕೆ ನೀನು ನೋಡುವ ಮನೆಗೆ ಸಂಪರ್ಕ ಇದೆಯೆಂದು ಅರ್ಥವಲ್ಲ. ಮನೆ ಮಾಲೀಕರಲ್ಲಿ ಜಲಮಂಡಳಿಯ ಬಿಲ್ ತೋರಿಸಿ ಎಂದು ಕೇಳು. ನೀರು ವಾರದಲ್ಲಿ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪಕ್ಕದ ಮನೆಯ ಹೆಂಗಸರನ್ನು ಕೇಳು. ಸಂಪಿನ ಮುಚ್ಚಳ ತೆಗೆಸಿ ನೋಡು. ಬಚ್ಚಲಿನ ನಲ್ಲಿಯ ಬಾಯಲ್ಲಿ, ಬಕೆಟ್ಟಿನ ಒಳಗೋಡೆಯಲ್ಲಿ ಸುಣ್ಣದಂತೆ ಬಿಳಿ ಪದರ ಕಟ್ಟಿದ್ದರೆ ಅದು ಗಡಸು ಬೋರ್‌ವೆಲ್ ನೀರು. ಅಂಥ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಗೀಸರಿನ ಕಾಯಿಲ್ ಬಹುದಿನ ಬಾಳುವುದಿಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಮನೆ ಎಷ್ಟೇ ಕಡಿಮೆಗೆ ಸಿಕ್ಕರೂ ಅಲ್ಲಿನ ಬೋರ್‌ವೆಲ್ ನೀರನ್ನು ಮಕ್ಕಳಿಗೆ ಕುಡಿಸಬೇಡ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂನಂಥ ಲೋಹ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದ ಸಂಗತಿ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಬೋರ್‌ವೆಲ್ ಬತ್ತಿ ಟ್ಯಾಂಕರ್ ದರ ಗಗನಕ್ಕೇರಿತ್ತು. ಆ ಬೇಸಿಗೆ ನಿಮ್ಮ ಬೀದಿಯಲ್ಲಿ ಹೇಗೆ ಕಳೆಯಿತು ಎಂಬ ಒಂದು ಪ್ರಶ್ನೆಗೆ ನಾಲ್ಕು ಮನೆಯವರು ಕೊಡುವ ಉತ್ತರ ನಿನಗೆ ಸಾಕು.

ಮಳೆಗಾಲವನ್ನೂ ವಿಚಾರಿಸು. ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ರಾಜಕಾಲುವೆಗಳ ದಡದಲ್ಲಿ, ತಗ್ಗಿನಲ್ಲಿ ಎಷ್ಟೋ ಬಡಾವಣೆ ಎದ್ದಿವೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆ ಕೋಟಿ ಬೆಲೆಯ ಮನೆಯವರನ್ನೂ ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. ಕಾಂಪೌಂಡಿನ ಗೋಡೆಯ ಮೇಲೆ ಕೆಸರಿನ ಗೆರೆ ಕಂಡರೆ, ಹೊಸ್ತಿಲು ರಸ್ತೆಗಿಂತ ತಗ್ಗಾಗಿದ್ದರೆ ಆ ಮನೆ ಬೇಡ.

ಶಾಲೆಯ ವಿಚಾರದಲ್ಲಿ ಹೆಸರಿಗಿಂತ ದೂರ ನೋಡು. ಚಿಕ್ಕವಳು ವ್ಯಾನಿನಲ್ಲಿ ಒಂದು ಗಂಟೆ ಕೂತು ಬಂದರೆ ಸಂಜೆ ಆಡಲು, ಓದಲು ಅವಳಲ್ಲಿ ಏನು ಉಳಿಯುತ್ತದೆ? ವ್ಯಾನಿನ ಶುಲ್ಕವೂ ಬಾಡಿಗೆಯ ಲೆಕ್ಕಕ್ಕೇ ಸೇರಬೇಕು. ಹತ್ತಿರದ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ ಮುಖ್ಯೋಪಾಧ್ಯಾಯರ ಜೊತೆ ಮಾತಾಡು, ಎಷ್ಟೋ ಕಡೆ ಈಗ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಇವೆ. ನಿಮ್ಮವ್ವನ ಸಲುವಾಗಿ ಆಸ್ಪತ್ರೆಯ ದಾರಿ ನೋಡಿಟ್ಟುಕೋ. ನಿನ್ನ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರಾದರೆ ಅವಲಂಬಿತ ತಾಯಿಗೂ ಚಿಕಿತ್ಸೆ ಸಿಗುತ್ತದೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಪೀಣ್ಯ ದಾಟಿ ನಗರದ ಕಡೆಗಿದೆ.

ಭಾನುವಾರ ಮನೆ ನೋಡಲು ಬಾ ಎಂದು ದಲ್ಲಾಳಿಗಳು ಕರೆಯುತ್ತಾರೆ. ಅವತ್ತು ರಸ್ತೆ ಖಾಲಿ, ಕಾರ್ಖಾನೆಗಳಿಗೆ ರಜೆ, ಎಲ್ಲವೂ ಚೆನ್ನಾಗಿ ಕಾಣುತ್ತದೆ. ರಜೆ ಹಾಕಿಯಾದರೂ ವಾರದ ನಡುವೆ ಬೆಳಿಗ್ಗೆ ಎಂಟಕ್ಕೆ ಹೋಗು, ರಾತ್ರಿ ಎಂಟಕ್ಕೆ ಮತ್ತೆ ಹೋಗು. ಹೊಗೆ, ವಾಸನೆ, ಲಾರಿ, ಬೀದಿನಾಯಿ, ಬಾರಿನ ಮುಂದಿನ ಗಲಾಟೆ ಎಲ್ಲವೂ ಆಗ ಗೊತ್ತಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ನಿಂತು ಹಾಲು, ಅಕ್ಕಿಯ ಬೆಲೆ ಕೇಳು. ಅಂಗಡಿಯವರಿಗಿಂತ ಚೆನ್ನಾಗಿ ಆ ಬಡಾವಣೆಯನ್ನು ಬಲ್ಲವರು ಇನ್ನೊಬ್ಬರಿಲ್ಲ.

ಹಣದ ವಿಚಾರ ಒಂದೆರಡು ಮಾತು. ತಿಂಗಳ ಬಾಡಿಗೆಯೇ ಇಲ್ಲ, ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳಿ ಎಂದು ಆಸೆ ತೋರಿಸುತ್ತಾರೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಮಾಲೀಕ ಕಟ್ಟದೇ ಹೋದರೆ ನಿನ್ನ ಗಂಟು ಮುಳುಗುತ್ತದೆ. ಋಣಭಾರ ಪತ್ರ ತೆಗೆಸದೆ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸದೆ ಭೋಗ್ಯದ ತಂಟೆಗೆ ಹೋಗಬೇಡ. ಮೊದಲ ವರ್ಷ 11 ತಿಂಗಳ ಬಾಡಿಗೆ ಕರಾರು ಸಾಕು. ಮುಂಗಡ ಆದಷ್ಟು ಕಡಿಮೆ ಮಾಡಿಸಿ, ಬ್ಯಾಂಕಿನ ಮೂಲಕವೇ ಕೊಡು. ಸೈಟು ಕೊಳ್ಳುವ ಮಾತು ಆಮೇಲೆ. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲೇ ಕಳೆದರೆ ಯಾವ ಬೀದಿಯಲ್ಲಿ ಉಳಿಯಬಹುದು ಎಂಬುದು ನಿಮಗೇ ತಿಳಿಯುತ್ತದೆ.

ಮನೆ ಮೆಚ್ಚಿದರೂ ಮುಂಗಡ ಕೊಡುವ ಮುಂಚೆ ನಿನ್ನ ಹೆಂಡತಿಯನ್ನೂ ನಿಮ್ಮವ್ವನನ್ನೂ ಕರೆದುಕೊಂಡು ಬಾ. ಒಂದು ರಾತ್ರಿ ನಮ್ಮಲ್ಲೇ ಇದ್ದು, ಬೆಳಿಗ್ಗೆ ಅವರಿಬ್ಬರೂ ಆ ಬೀದಿಯಲ್ಲಿ ಓಡಾಡಲಿ. ನಿಮ್ಮವ್ವ ಮೆಟ್ಟಿಲು ಹತ್ತಿ ನೋಡಲಿ, ನಿನ್ನ ಹೆಂಡತಿ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಲಿ. ಇಬ್ಬರೂ ಹೂಂ ಅಂದ ಮೇಲೆ ಮಾಲೀಕರ ಜೊತೆ ಮಾತು ಮುಗಿಸು. ಅವರು ಬೇಡವೆಂದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಆ ಮನೆಯನ್ನು ಬಿಟ್ಟುಬಿಡು.

ನಿನ್ನ ದೊಡ್ಡಮ್ಮ