ಗೇಟು ಹಾಕಿದ್ರ ಆಟಾ ಮುಗಿಯಂಗಿಲ್ರಿ

ಯಾದಗಿರಿ, ಶಹಾಪುರ, ಸುರಪುರದ ಕಡೆ ಹೈಸ್ಕೂಲು ಮಕ್ಕಳಿಗೆ, ಬ್ಲಾಕುಗಳನ್ನು ಜೋಡಿಸಿ ಆಟ ಕಟ್ಟುವ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ದಾರಿ ಹುಡುಕುವ ಆಟವನ್ನು. ಒಂದೇ ಬಣ್ಣದಲ್ಲಿ ಗೋಡೆ ಬರೆಯಬೇಕು, ಬಾಣದ ಕೀಗಳಿಂದ ಬೊಂಬೆ ನಡೆಸಬೇಕು, ಗೋಡೆಯ ಬಣ್ಣ ಮುಟ್ಟಿದರೆ ಬೊಂಬೆ ಹಿಂದೆ ಸರಿಯಬೇಕು, ಕೊನೆಯ ಚೌಕ ಮುಟ್ಟಿದರೆ ಗೆದ್ದ ಹಾಗೆ. ಎಂಐಟಿಯ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚನ್ನು ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಆಮೇಲೆ ಇಂಟರ್‌ನೆಟ್ಟೂ ಬೇಕಿಲ್ಲ. ಆದರೆ ಎಲ್ಲರೂ ನಾನು ತೋರಿಸಿದ ಮಾದರಿಯನ್ನೇ ಮಾಡುವುದರಿಂದ, ಆಡಿ ನೋಡಿದರೆ ಯಾವುದು ಯಾರದೆಂದೇ ಗೊತ್ತಾಗುವುದಿಲ್ಲ. ಅದಕ್ಕೇ ಈಗ ಮಕ್ಕಳ ಆಟಗಳನ್ನು ಆಡುವುದಕ್ಕಿಂತ ಮೊದಲು ಬಿಚ್ಚಿ ನೋಡುತ್ತೇನೆ.

ಇದು ಶುರುವಾದದ್ದು ಸುರಪುರದ ಹುಡುಗನೊಬ್ಬನ ಫೈಲಿನಿಂದ. ಆಟ ತೀರಾ ಸಣ್ಣದು, ಫೈಲು ಮಾತ್ರ ಹಳೆಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳಲು ಒದ್ದಾಡುವಷ್ಟು ದೊಡ್ಡದು. ಸ್ಕ್ರ್ಯಾಚ್ ಆಟವನ್ನು ಉಳಿಸಿಡುವ ಎಸ್‌ಬಿ3 ಫೈಲು ನಿಜಕ್ಕೂ ಒಂದು ಜಿಪ್ ಫೈಲೇ. ಅದರದೊಂದು ನಕಲು ಮಾಡಿಕೊಂಡು, ಹೆಸರಿನ ಕೊನೆಯ ಎಸ್‌ಬಿ3 ತೆಗೆದು ಜಿಪ್ ಎಂದು ಬರೆದರೆ ತೆರೆಯುತ್ತದೆ. ಒಳಗೆ ಚಿತ್ರಗಳು, ಧ್ವನಿಗಳು, ಜೊತೆಗೆ ಬ್ಲಾಕುಗಳೆಲ್ಲ ಬರಹವಾಗಿ ಕೂತಿರುವ ಪ್ರಾಜೆಕ್ಟ್ ಜೇಸನ್ ಎಂಬ ಫೈಲು. ಆ ಹುಡುಗನ ಆಟದಲ್ಲಿ ಒಂದು ಸದ್ದೂ ಇಲ್ಲ, ಒಳಗೆ ನೋಡಿದರೆ ಧ್ವನಿಮುದ್ರಣಗಳ ರಾಶಿ! ಗೋಡೆ ಮುಟ್ಟಿದಾಗ ಗೆಳೆಯನೊಬ್ಬ "ಅಲ್ಲಿ ಹೋಗಬ್ಯಾಡಲೇ" ಎಂದು ಕೂಗುವಂತೆ ಬಗೆಬಗೆಯಾಗಿ ಹೇಳಿಸಿ ಮುದ್ರಿಸಿಕೊಂಡಿದ್ದ. ಒಂದನ್ನೂ ಆಟಕ್ಕೆ ಜೋಡಿಸಿರಲಿಲ್ಲ.

ಹೀಗೆ ಸಿಕ್ಕಿದ್ದೆಲ್ಲ ಮಗುವಿನದೇ ಎಂದುಕೊಳ್ಳುವಂತಿಲ್ಲ. ಹೊಸ ಪ್ರಾಜೆಕ್ಟ್ ತೆರೆದಾಗಲೇ ಬೆಕ್ಕಿನ ಎರಡು ಕಾಸ್ಟ್ಯೂಮ್ (ಬೊಂಬೆಯ ರೂಪಗಳು), ಒಂದು ಮಿಯಾಂವ್, ಒಂದು ಪಾಪ್ ಸದ್ದು ಬಂದಿರುತ್ತವೆ. ಲೈಬ್ರರಿಯಿಂದ ಬೊಂಬೆ ಆರಿಸಿದರೆ ಅದರ ಕಾಸ್ಟ್ಯೂಮುಗಳೂ ಸದ್ದುಗಳೂ ಹಿಂದೆಯೇ ಬರುತ್ತವೆ. ಅವನ್ನು ಬದಿಗಿಟ್ಟ ಮೇಲೆ ಉಳಿಯುವುದೇ ಮಗುವಿನ ಕೈಯದು: ತಾನೇ ಬರೆದು ಕೈಬಿಟ್ಟ ಚಿತ್ರ, ಹೆಸರಿಟ್ಟು ಮರೆತ ವೇರಿಯಬಲ್, ಯಾವುದಕ್ಕೂ ಅಂಟಿಕೊಳ್ಳದೆ ಮೂಲೆಯಲ್ಲಿ ಬಿದ್ದ ಬ್ಲಾಕುಗಳು. ಮೇಲೆ, ಓಟ ಶುರುಮಾಡುವ ಹಸಿರು ಬಾವುಟದಂಥ ತಲೆಯ ಬ್ಲಾಕ್ ಇಲ್ಲದಿದ್ದರೆ ಇವು ತಾವಾಗಿ ಓಡುವುದಿಲ್ಲ, ಆದರೂ ಫೈಲಿನಲ್ಲಿ ಉಳಿಯುತ್ತವೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಕ್ಲೀನ್ ಅಪ್ ಬ್ಲಾಕ್ಸ್' ಒತ್ತಿದರೆ ಪರದೆಯಾಚೆ ಎಲ್ಲೋ ಬಿದ್ದವೂ ಸಾಲಾಗಿ ಬಂದು ನಿಲ್ಲುತ್ತವೆ. ಅದು ಏನನ್ನೂ ಅಳಿಸುವುದಿಲ್ಲ. ಶಿಕ್ಷಕರು ಇದೊಂದನ್ನಾದರೂ ಒತ್ತಿ ನೋಡಬೇಕು.

ಆಟದೊಳಗೆ ಕಾಣದ್ದನ್ನು ಇಡುವುದು ಹೊಸತಲ್ಲ. 1980ರ 'ಅಡ್ವೆಂಚರ್' ಎಂಬ ವಿಡಿಯೋ ಆಟದ ಜಟಿಲ ದಾರಿಗಳ ನಡುವೆ ಅದನ್ನು ಬರೆದ ವಾರೆನ್ ರಾಬಿನೆಟ್ ಒಂದು ಗುಪ್ತ ಕೋಣೆ ಮಾಡಿ ತನ್ನ ಹೆಸರು ಬರೆದಿಟ್ಟ. ಅದನ್ನು ಹೊರತಂದ ಅಟಾರಿ ಕಂಪನಿ ಆಗ ಆಟ ಬರೆದವರ ಹೆಸರು ಹಾಕುತ್ತಿರಲಿಲ್ಲ. ಇಡೀ ಆಟಕ್ಕೆ ಸಿಕ್ಕ ಜಾಗ 4 ಕಿಲೋಬೈಟು, ಅದರಲ್ಲೂ ಹೆಸರಿಗೆ ಜಾಗ ಮಾಡಿಕೊಂಡ. ಅವನದು ಬೇಕೆಂದೇ ಬಚ್ಚಿಟ್ಟದ್ದು. ನಮ್ಮ ಮಕ್ಕಳದು ಹಾಗಲ್ಲ, ಕೆಲಸ ಮಾಡುತ್ತ ಮಾಡುತ್ತ ಬಿಟ್ಟುಹೋದದ್ದು.

ಯಾದಗಿರಿಯಲ್ಲಿ ಜೋಡಿಯಾಗಿ ಆಟ ಕಟ್ಟಿದ ಇಬ್ಬರು ಹುಡುಗರ ಫೈಲಿನಲ್ಲಿ ಕೋಟೆಯ ಬಾಗಿಲುಗಳ ದಾರಿಯ ಜೊತೆಗೆ ಇನ್ನೊಂದು ಬ್ಯಾಕ್‌ಡ್ರಾಪ್ (ಹಿನ್ನೆಲೆ ಚಿತ್ರ) ಇತ್ತು. ಅರ್ಧ ಬರೆದ ಮೇಲ್ಸೇತುವೆಗಳು, ಆಟದಲ್ಲಿ ಎಲ್ಲೂ ಬರುವುದಿಲ್ಲ. ಕೇಳಿದೆ. "ಅದು ಅವಂದ್ರಿ ಸರ್. ಅಪ್ಪ ಅವ್ವನ ಕೂಡ ಬೆಂಗಳೂರಿಗೆ ಹೋಗ್ಯಾನ್ರಿ. ಬಂದ ಮ್ಯಾಲ ಮುಗಿಸ್ತಾನ" ಎಂದ ಉಳಿದವನು. ನಮ್ಮ ಜಿಲ್ಲೆಯಿಂದ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಮನೆಗಳು ಎಷ್ಟೋ. ಅಂಥ ಚಿತ್ರವನ್ನು 'ಬೇಡದ್ದು ಅಳಿಸು' ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದಷ್ಟೇ ಇರುವ ಹುಡುಗ ಈ ಫೈಲಿನಲ್ಲಿ ಇನ್ನೂ ಇದ್ದಾನೆ.

ಒಂದು ಎಚ್ಚರವನ್ನಂತೂ ಹೇಳಲೇಬೇಕು. ಮಕ್ಕಳು ಮನೆಯಲ್ಲಿ ಮುದ್ರಿಸಿಕೊಂಡ ಧ್ವನಿಯಲ್ಲಿ ಕೆಲವೊಮ್ಮೆ ಹಿರಿಯರ ಮಾತುಕತೆಯೂ ಸೇರಿರುತ್ತದೆ. ಆಟದಲ್ಲಿ ಕೇಳಿಸದಿದ್ದರೂ ಫೈಲಿನ ಜೊತೆ ಅದು ಊರೆಲ್ಲ ತಿರುಗುತ್ತದೆ. ಹೀಗಾಗಿ ಪ್ರದರ್ಶನಕ್ಕೋ ಬೇರೆ ಶಾಲೆಗೋ ಕೊಡುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಕೇಳಿಸುತ್ತೇನೆ. ಯಾವುದನ್ನು ತೆಗೆಯಬೇಕೆಂದು ಹೇಳುವುದು ಆ ಮಗುವೇ. ಪೂರ್ತಿ ಫೈಲು ಅದರ ಹತ್ತಿರವೇ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಶಹಾಪುರ ತಾಲ್ಲೂಕಿನ ಹುಡುಗಿಯೊಬ್ಬಳ ಆಟ. ಅವಳ ಬೊಂಬೆ ಒಂದು ನೀಲಿ ಹನಿ, ಗುರಿ ಒಂದು ಹೊಲ. ಸುಲಭದ ದಾರಿ, ಥಟ್ಟನೆ ಗೆಲ್ಲಬಹುದು. ಬದಿಯಲ್ಲಿ ಬಿದ್ದಿದ್ದ ಬ್ಲಾಕುಗಳಲ್ಲಿ 'ನೀರು' ಎಂಬ ವೇರಿಯಬಲ್ 100ರಿಂದ ಶುರುವಾಗಿ, ಪ್ರತಿ ಗೇಟು ಮುಟ್ಟಿದಾಗಲೂ 25 ಕಡಿಮೆಯಾಗುತ್ತಿತ್ತು. ಅಡಗಿಸಿಟ್ಟ ಗೇಟುಗಳು ಐದು.

"ಇದ್ಯಾಕವಾ ಹಿಂಗ ಬಿಟ್ಟಿ?"

"ಗೇಟು ಹಾಕಿದ್ರ ನೀರು ನಮ್ಮ ಹೊಲಕ್ಕ ಮುಟ್ಟಂಗಿಲ್ರಿ ಸರ್. ಆಟಾ ಮುಗಿಯಂಗಿಲ್ರಿ."

ನಾರಾಯಣಪುರ ಎಡದಂಡೆ ಕೆನಾಲಿನ ಕೊನೆಯ ಭಾಗದ ಊರು ಅವಳದು. ಮೇಲಿನವರ ಭತ್ತಕ್ಕೆ ನೀರು ನಿಂತಿರುವಾಗ ಕೆಳಗಿನವರು ಮೆಣಸಿನಕಾಯಿ ಒಣಗುವುದನ್ನು ನೋಡುತ್ತ ಕಾಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಆಟ ಗೆಲ್ಲುವಂತಿರಬೇಕು ಎಂಬ ನನ್ನ ನಿಯಮಕ್ಕೆ ಹೊಂದಲೆಂದು ಅವಳು ತಾನು ಕಂಡದ್ದನ್ನು ಕಳಚಿಟ್ಟಿದ್ದಳು.

ಅದನ್ನು ಮತ್ತೆ ಜೋಡಿಸು ಎಂದೆ. ಐದು ಗೇಟುಗಳ ಆಟವನ್ನು ಇಡೀ ತರಗತಿ ಆಡಿ ಸೋತಿತು. ಮೇಲ್ಭಾಗದ ಊರಿನ ಹುಡುಗನೊಬ್ಬ ಎದ್ದು, "ವಾರಬಂದಿ ಹಾಕು, ಒಂದು ಗೇಟು ತೆರೆದಾಗ ಉಳಿದವು ಮುಚ್ಚಿರ್ಲಿ" ಎಂದ. "ನಿಮ್ಮೂರಾಗ ಮುಚ್ತಾರೇನು?" ಎಂದಳು ಇವಳು. ಜಗಳ ಜೋರಾಯಿತು. ಕೊನೆಗೆ ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕೂತು ಪ್ರತಿ ಗೇಟಿಗೂ ಒಂದು ಟೈಮರ್ ಕಟ್ಟತೊಡಗಿದರು.