ಒತ್ತೆಯ ಬಿಡುಗಡೆಯೂ ಮನೆತನದ ಲೆಕ್ಕವೂ

ಓದತಕ್ಕ ವೇದಭಾಗಗಳು: ನೆಹೆಮೀಯ ೫ನೆಯ ಅಧ್ಯಾಯ, ೧–೧೩; ೨ ಅರಸುಗಳು ೪ನೆಯ ಅಧ್ಯಾಯ, ೧–೭.



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬದು ನಮ್ಮ ಹಿರಿಯರ ಗಾದೆ. ಈ ಎರಡು ಕೆಲಸಗಳನ್ನು ಮಾಡಿ ನೋಡಿದವರೊಳಗೆ ಹೊಲವನ್ನಾಗಲಿ ಮನೆಯನ್ನಾಗಲಿ ಒತ್ತೆ ಇಡದವರು ನಮ್ಮ ಸಭೆಗಳಲ್ಲಿ ಎಷ್ಟು ಮಂದಿ ಸಿಕ್ಕುವರು? ಜಮಖಂಡಿ ಮುಧೋಳಗಳ ಸೀಮೆಯಲ್ಲಿ ಕಬ್ಬು ಬೆಳೆಯುವವರೂ, ರಬಕವಿ ಬನಹಟ್ಟಿಗಳಲ್ಲಿ ಮಗ್ಗ ನಡಿಸುವವರೂ, ಬೀಳಗಿಯ ಕಡೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟು ಬೇರೆ ಕಡೆಗೆ ಬಂದು ನೆಲೆಸಿದವರೂ ಈ ಒಂದು ವಿಷಯದಲ್ಲಿ ಒಂದೇ. ಜಮಖಂಡಿಯೂ ಮುಧೋಳವೂ ೧೯೪೮ರ ವರೆಗೆ ಅರಸರ ಸಂಸ್ಥಾನಗಳಾಗಿದ್ದವು. ಆ ಮೇಲೆ ಮುಂಬಯಿ ಪ್ರಾಂತದಲ್ಲಿ ಕೂಡಿ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ, ೧೯೯೭ರಿಂದ ಬಾಗಲಕೋಟೆ ಜಿಲ್ಲೆಯೊಳಗಿವೆ. ಅರಸರು ಹೋದರು, ಕಚೇರಿಗಳು ಬದಲಾದವು. ಸಾವಕಾರನ ವಹಿ ಮಾತ್ರ ತಂದೆಯಿಂದ ಮಗನಿಗೆ ಬರುತ್ತಲೇ ಇದೆ. ಸಾಲದ ನಾಚಿಕೆಯನ್ನು ತಾಳಲಾರದೆ ಪ್ರಾಣವನ್ನೇ ಕಳೆದುಕೊಂಡ ಒಕ್ಕಲಿಗರ ಸುದ್ದಿಯೂ ನಮ್ಮ ಸೀಮೆಗೆ ಹೊಸದಲ್ಲ. ಆದದರಿಂದ ಒತ್ತೆ ಬಿದ್ದದ್ದನ್ನು ಬಿಡಿಸಿಕೊಳ್ಳುವ ಬಗೆ ಯಾವದೆಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು.

೧. ಸತ್ಯವೇದದಲ್ಲಿ ಕಾಣುವ ಒತ್ತೆ

ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸುತ್ತಿದ್ದಾಗ ಜನರು ತಮ್ಮ ಹೆಂಡತಿಯರೊಡನೆ ಬಂದು ಮೊರೆಯಿಟ್ಟರು. ಕೆಲವರು ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಒತ್ತೆ ಇಟ್ಟಿದ್ದರು. ಕೆಲವರು ಅರಸನ ಕಂದಾಯಕ್ಕಾಗಿ ಸಾಲ ತೆಗೆದಿದ್ದರು. ಕೆಲವರ ಮಕ್ಕಳು ಪರರ ಮನೆಯಲ್ಲಿ ದಾಸತ್ವಕ್ಕೆ ಒಳಗಾಗಿದ್ದರು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ಅವರು ಸಾಲವನ್ನು ಮುಚ್ಚಿಡಲಿಲ್ಲ. ಗಂಡಂದಿರೂ ಹೆಂಡತಿಯರೂ ಕೂಡಿ ಅದನ್ನು ಬಾಯಿಬಿಟ್ಟು ಹೇಳಿದರು. ಎರಡನೆಯದು, ಅವರಿಂದ ಬಡ್ಡಿ ತಕ್ಕೊಂಡವರು ಪರದೇಶದವರಲ್ಲ, ಸ್ವಂತ ಸಹೋದರರೇ. ನೆಹೆಮೀಯನು ತಿರಿಗಿ ಕೊಡಬೇಕೆಂದು ಹೇಳಿದ ನೂರರಲ್ಲೊಂದು ಪಾಲನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ ಎಂದು ಅನೇಕ ವ್ಯಾಖ್ಯಾನಕಾರರು ಅರ್ಥಮಾಡುತ್ತಾರೆ. ನಮ್ಮ ಊರುಗಳಲ್ಲಿಯಾದರೋ ತಿಂಗಳಿಗೆ ನೂರಕ್ಕೆ ಮೂರು ಎಂಬ ಮಾತು ಕಿವಿಗೆ ರೂಢಿಯಾಗಿಹೋಗಿದೆ.

ಇನ್ನು ಅರಸುಗಳ ಎರಡನೆಯ ಪುಸ್ತಕದಲ್ಲಿ ಒಬ್ಬ ವಿಧವೆಯ ವೃತ್ತಾಂತವಿದೆ. ಸಾಲಗಾರನು ಅವಳ ಇಬ್ಬರು ಮಕ್ಕಳನ್ನು ಒಯ್ಯುವದಕ್ಕೆ ಬಂದಿದ್ದನು. ಎಲೀಷನು ಅವಳಿಗೆ ಮೊದಲು ಕೇಳಿದ್ದು ಮನೆಯಲ್ಲಿ ಏನಿದೆ ಎಂಬದನ್ನೇ. ದೇವರ ಕೃಪೆಯಿಂದ ಎಣ್ಣೆ ಹೆಚ್ಚಿದ ಮೇಲೆ ಪ್ರವಾದಿಯು ಹೇಳಿದ ಕ್ರಮವು ಏನಂದರೆ, ಎಣ್ಣೆಯನ್ನು ಮಾರಬೇಕು, ಸಾಲವನ್ನು ತೀರಿಸಬೇಕು, ಮಿಕ್ಕದ್ದರಿಂದ ಬದುಕಬೇಕು. ನಾವು ಮಾಡುವದು ಬಹಳ ಸಾರಿ ಇದಕ್ಕೆ ವಿರೋಧವಾದದ್ದು: ಮೊದಲು ಉಣ್ಣುವೆವು, ಉಡುವೆವು, ಬೀಗರನ್ನು ಕರೆಯುವೆವು, ಮಿಕ್ಕರೆ ಸಾಲಕ್ಕೆ ಕೊಡುವೆವು. ಮಿಕ್ಕುವದೇ ಇಲ್ಲ.

೨. ಲೆಕ್ಕವನ್ನು ಬೆಳಕಿಗೆ ತರುವದು

ಬಿಡುಗಡೆಯ ಮೊದಲನೆಯ ಮೆಟ್ಟಲು ಹಣವಲ್ಲ, ಸತ್ಯ. ಗಂಡನು ಮಾಡಿದ ಸಾಲ ಹೆಂಡತಿಗೆ ತಿಳಿಯದು. ಹೆಂಡತಿಯು ಸಂಘದಲ್ಲಿ ಎತ್ತಿದ ವಾರದ ಕಂತಿನ ಸಾಲ ಗಂಡನಿಗೆ ತಿಳಿಯದು. ದೊಡ್ಡ ಮಗನು ಮೋಟಾರ ಸೈಕಲ್ಲಿಗಾಗಿ ಬರೆದುಕೊಟ್ಟ ಕಾಗದ ಇಬ್ಬರಿಗೂ ತಿಳಿಯದು. ಇಂಥ ಮನೆಯು ಮೂರು ಕಡೆಯಲ್ಲಿ ತೂತು ಬಿದ್ದ ಕೊಡದ ಹಾಗಿದೆ; ಎಷ್ಟು ನೀರು ತುಂಬಿದರೂ ನಿಲ್ಲದು.

ಆದದರಿಂದ ಒಂದು ಸಾಯಂಕಾಲ ಪ್ರಾರ್ಥನೆಯಾದ ಮೇಲೆ ಮನೆಯವರೆಲ್ಲರೂ ಕೂಡಿ ಕೂತು ಒಂದು ವಹಿಯಲ್ಲಿ ಐದು ಸಂಗತಿಗಳನ್ನು ಬರೆಯಿರಿ: ಯಾರಿಗೆ ಕೊಡಬೇಕು, ಅಸಲು ಎಷ್ಟು, ಬಡ್ಡಿ ತಿಂಗಳಿಗೆ ನೂರಕ್ಕೆ ಎಷ್ಟು, ಒತ್ತೆ ಇಟ್ಟದ್ದು ಏನು, ಕಾಗದ ಯಾರ ಕೈಯಲ್ಲಿದೆ. ಓದು ಬರಹ ಬಾರದ ಮನೆಯಲ್ಲಿ ಸಾಲೆಗೆ ಹೋಗುವ ಹುಡುಗಿ ಬರೆಯಲಿ. ಆ ಹೊತ್ತಿನಲ್ಲಿ ಯಾರೂ ಯಾರನ್ನೂ ಬೈಯಬಾರದು. ಬೈಗಳಿಗೆ ಹೆದರಿ ಒಂದು ಸಾಲ ಮರೆಯಾಗಿ ಉಳಿದರೆ ಬರೆದದ್ದೆಲ್ಲಾ ವ್ಯರ್ಥ. ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕೂತು ಖರ್ಚನ್ನು ಎಣಿಸುವನೆಂದು ನಮ್ಮ ಕರ್ತನು ಲೂಕನ ೧೪ನೆಯ ಅಧ್ಯಾಯದಲ್ಲಿ ಹೇಳಿದ ಸಾಮ್ಯವು ಕಟ್ಟುವವನಿಗೆ ಮಾತ್ರವಲ್ಲ, ಬಿದ್ದದ್ದನ್ನು ಎತ್ತುವವನಿಗೂ ಸಲ್ಲುತ್ತದೆ.

೩. ಬಡ್ಡಿಯನ್ನು ಕೊಡುವದು ಬೇರೆ, ಸಾಲ ತೀರಿಸುವದು ಬೇರೆ

ತಿಂಗಳು ತಪ್ಪದೆ ಕಟ್ಟುತ್ತಾ ಬಂದೆವು, ಆದರೂ ಸಾಲ ಹಾಗೆಯೇ ಇದೆ ಎಂದು ಅನೇಕರು ದುಃಖಿಸುತ್ತಾರೆ. ಇದರ ಕಾರಣವನ್ನು ಲೆಕ್ಕದಿಂದ ತೋರಿಸುವೆವು.

ಒಬ್ಬನು ೧,೦೦,೦೦೦ ರೂಪಾಯಿಗಳನ್ನು ತಿಂಗಳಿಗೆ ನೂರಕ್ಕೆ ಮೂರರಂತೆ ತಂದನೆನ್ನೋಣ. ತಿಂಗಳ ಬಡ್ಡಿ ೩,೦೦೦ ರೂಪಾಯಿ. ಅವನು ೩,೦೦೦ವನ್ನೇ ಕಟ್ಟುತ್ತಾ ಹೋದರೆ ನಾಲ್ಕು ವರುಷಗಳಲ್ಲಿ ೧,೪೪,೦೦೦ ರೂಪಾಯಿ ಕೊಟ್ಟಿರುವನು. ಅಸಲಿನಲ್ಲಿ ಒಂದು ರೂಪಾಯಿಯಾದರೂ ಇಳಿದಿರದು. ಅವನು ೪,೦೦೦ ಕಟ್ಟಿದರೆ, ಮೊದಲನೆಯ ತಿಂಗಳಲ್ಲಿ ೧,೦೦೦ವು ಅಸಲಿಗೆ ಹೋಗುವದು; ಮುಂದಿನ ತಿಂಗಳ ಬಡ್ಡಿ ೨,೯೭೦ ಆಗುವದು; ಹೀಗೆ ಇಳಿಯುತ್ತಾ ೪೭ ತಿಂಗಳುಗಳಲ್ಲಿ ಸಾಲ ತೀರುವದು. ೫,೦೦೦ ಕಟ್ಟಿದರೆ ೩೧ ತಿಂಗಳುಗಳೇ ಸಾಕು. ಅದೇ ಲಕ್ಷ ರೂಪಾಯಿ ನೂರಕ್ಕೆ ಒಂದರ ಬಡ್ಡಿಯದಾಗಿದ್ದರೆ, ತಿಂಗಳಿಗೆ ೪,೦೦೦ದಂತೆ ೨೯ ತಿಂಗಳುಗಳಲ್ಲಿ ಮುಗಿಯುವದು. ಸಾವಕಾರನು ಬಡ್ಡಿಯ ಮೇಲಿನ ಹಣವನ್ನು ಅಸಲಿಗೆ ಜಮೆ ಮಾಡಿಕೊಂಡನೋ ಎಂಬದನ್ನು ಪ್ರತಿಸಾರಿ ಕೇಳಿ ಬರಹದಲ್ಲಿ ತಕ್ಕೊಳ್ಳಿರಿ.

ಬ್ಯಾಂಕಿನ ಮನೆಸಾಲಕ್ಕೂ ಇದೇ ನ್ಯಾಯ. ೫ ಲಕ್ಷ ರೂಪಾಯಿಗಳನ್ನು ವರುಷಕ್ಕೆ ನೂರಕ್ಕೆ ಒಂಬತ್ತರಂತೆ ೧೫ ವರುಷಕ್ಕೆ ತಂದರೆ ತಿಂಗಳ ಕಂತು ಸುಮಾರು ೫,೦೭೧ ರೂಪಾಯಿ. ಮೊದಲನೆಯ ಕಂತಿನಲ್ಲಿ ೩,೭೫೦ ಬಡ್ಡಿಗೇ ಹೋಗಿ ೧,೩೨೧ ಮಾತ್ರ ಅಸಲಿಗೆ ಸಲ್ಲುವದು. ಆ ಮನೆಯವರು ಮೊದಲಿನಿಂದಲೇ ತಿಂಗಳಿಗೆ ೧,೦೦೦ ರೂಪಾಯಿ ಹೆಚ್ಚಾಗಿ ಕಟ್ಟಿದರೆ ೧೫ ವರುಷದ ಸಾಲವು ಹತ್ತು ವರುಷ ಒಂಬತ್ತು ತಿಂಗಳುಗಳಲ್ಲಿ ತೀರಿ, ಸುಮಾರು ೧,೩೧,೦೦೦ ರೂಪಾಯಿ ಬಡ್ಡಿ ಉಳಿಯುವದು. ಬದಲಾಗುವ ಬಡ್ಡಿಯ ಮನೆಸಾಲವನ್ನು ಅವಧಿಗೆ ಮುಂಚೆ ತೀರಿಸುವವರಿಂದ ಬ್ಯಾಂಕುಗಳು ದಂಡ ತಕ್ಕೊಳ್ಳಕೂಡದೆಂದು ರಿಸರ್ವ್ ಬ್ಯಾಂಕು ೨೦೧೨ರಲ್ಲಿಯೇ ಅಪ್ಪಣೆ ಮಾಡಿತು.

ಅನೇಕ ಸಾಲಗಳಿದ್ದರೆ ಎಲ್ಲಾ ಕಂತುಗಳನ್ನು ತಪ್ಪದೆ ಕಟ್ಟಿ, ಹೆಚ್ಚಿನ ಹಣವನ್ನು ಬಡ್ಡಿ ಹೆಚ್ಚಾಗಿರುವ ಸಾಲದ ಮೇಲೆ ಹಾಕಿರಿ. ಮನೆಯಲ್ಲಿ ಏನಿದೆ ಎಂದು ಎಲೀಷನು ಕೇಳಿದ್ದನ್ನು ನೀವೂ ಕೇಳಿಕೊಳ್ಳಿರಿ. ಪೆಟ್ಟಿಗೆಯಲ್ಲಿ ಬಂಗಾರವನ್ನು ಇಟ್ಟುಕೊಂಡು ನೂರಕ್ಕೆ ಮೂರರ ಬಡ್ಡಿ ಕಟ್ಟುವ ಮನೆಗಳುಂಟು. ಅದನ್ನು ಮಾರಿಯಾಗಲಿ, ಕಡಿಮೆ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಾಗಲಿ ಸಾವಕಾರನ ಸಾಲವನ್ನು ತೀರಿಸುವದು ಲೇಸು. ಆದರೆ ಬಂಗಾರವು ಹೆಂಡತಿಯದು, ಅವಳು ಮನಃಪೂರ್ವಕವಾಗಿ ಒಪ್ಪಿದರೆ ಮಾತ್ರ.

೪. ಹಣ ಬಂದ ದಿನ

ನಮ್ಮ ಸೀಮೆಯ ಒಕ್ಕಲಿಗನಿಗೆ ತಿಂಗಳ ಪಗಾರವಿಲ್ಲ. ಕಬ್ಬಿನ ಬಿಲ್ಲು ವರುಷಕ್ಕೆ ಒಂದೆರಡು ಸಾರಿ ಬರುವದು. ಕಾರಖಾನೆಯು ಕಬ್ಬು ತಕ್ಕೊಂಡ ೧೪ ದಿನಗಳೊಳಗೆ ಹಣ ಕೊಡಬೇಕೆಂದೂ, ತಡವಾದರೆ ವರುಷಕ್ಕೆ ನೂರಕ್ಕೆ ೧೫ರಂತೆ ಬಡ್ಡಿ ಕೂಡಿಸಬೇಕೆಂದೂ ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದೆ. ಆದರೂ ಬರುವ ದಿನವನ್ನು ನೆಚ್ಚಿ ಮುಂಚೆಯೇ ಸಾಲ ಎತ್ತಬಾರದು. ಬಿಲ್ಲು ಬಂದ ದಿನವೇ ಅದನ್ನು ನಾಲ್ಕು ಪಾಲು ಮಾಡಿರಿ: ಒತ್ತೆಯ ಸಾಲಕ್ಕೆ, ಮುಂದಿನ ಬೆಳೆಯ ಬೀಜ ಗೊಬ್ಬರಕ್ಕೆ, ಮನೆಯ ಕಾಳುಕಡಿಗೂ ಮಕ್ಕಳ ಸಾಲೆಗೂ, ಬೇನೆ ಬೇಸರಿಕೆಗೆ. ಈ ಕಡೆಯ ಪಾಲು ಚಿಕ್ಕದಾದರೂ ಇರಲೇಬೇಕು. ಯಾಕಂದರೆ ಕೈಯಲ್ಲಿ ಏನೂ ಇಲ್ಲದ ಮನೆಗೆ ಒಂದು ಜ್ವರ ಬಂದರೆ ಹೊಸ ಸಾಲವು ಅದರ ಹಿಂದೆಯೇ ಬರುವದು.

ನೇಕಾರನ ಸ್ಥಿತಿ ಬೇರೆ. ಅವನ ಮಜೂರಿ ನೇಯ್ದ ಸೀರೆಗಳ ಲೆಕ್ಕದಿಂದ ಸ್ವಲ್ಪಸ್ವಲ್ಪವಾಗಿ ಬರುವದು. ಅವನಿಗೆ ತೊಡಕಾಗುವದು ಮಾಲಕನಿಂದ ತಂದ ಮುಂಗಡ. ಮುಂಗಡವು ತೀರದಿದ್ದರೆ ಹೆಚ್ಚು ಮಜೂರಿ ಸಿಕ್ಕುವ ಕಡೆಗೆ ಹೋಗುವ ಸ್ವಾತಂತ್ರ್ಯವಿಲ್ಲ. ಆದದರಿಂದ ಅವನು ಪ್ರತಿಸಾರಿ ಮಜೂರಿ ಬಂದಾಗ ಒಂದು ಗೊತ್ತಾದ ಮೊತ್ತವನ್ನು ಮುಂಗಡಕ್ಕೆ ಮುರಿಸಿಕೊಂಡು ಬರೆಯಿಸಿಕೊಳ್ಳಲಿ. ಮುಳುಗಡೆಯ ಪರಿಹಾರ ಬಂದವರಿಗೋ ಇನ್ನೊಂದು ಎಚ್ಚರಿಕೆ: ಅದು ವರುಷದ ಬೆಳೆಯಲ್ಲ, ಹೊಲವೇ ಹಣವಾಗಿ ಬಂದದ್ದು, ಅದನ್ನು ಊಟ ಉಡಿಗೆಗಳಲ್ಲಿ ಕಳೆದರೆ ಹೊಲವನ್ನೇ ತಿಂದ ಹಾಗೆ.

ಮದುವೆಯ ಕುರಿತು ಎರಡು ಮಾತು. ನಾಲ್ಕು ಮಂದಿ ಏನಂದಾರು ಎಂಬ ಅಂಜಿಕೆಯಿಂದ ಮೂರು ದಿನದ ಸಂಭ್ರಮಕ್ಕಾಗಿ ಎರಡು ಎಕರೆ ಹೊಲವನ್ನು ಒತ್ತೆ ಇಟ್ಟರೆ, ಆ ನಾಲ್ಕು ಮಂದಿಯಲ್ಲಿ ಒಬ್ಬನಾದರೂ ಬಡ್ಡಿ ಕಟ್ಟುವದಕ್ಕೆ ಬರುವನೋ? ದೇವಾಲಯದಲ್ಲಿ ಆಶೀರ್ವಾದ, ಹತ್ತಿರದವರಿಗೆ ಒಂದು ಹೊತ್ತಿನ ಊಟ, ಇದರಿಂದ ಮದುವೆಗೆ ಯಾವ ಕೊರತೆಯೂ ಆಗದು.

೫. ಕಾಗದಗಳ ವಿಷಯದಲ್ಲಿ ಜಾಗರೂಕತೆ

ಸಾಲಕ್ಕಾಗಿ ಖರೀದಿ ಪತ್ರಕ್ಕೆ ಎಂದಿಗೂ ಹೆಬ್ಬೆಟ್ಟು ಒತ್ತಬೇಡಿರಿ. ಹಣ ಕೊಟ್ಟಾಗ ಹೊಲ ತಿರಿಗಿ ಬರೆದುಕೊಡುವೆನೆಂದು ಬಾಯಿಮಾತು ಹೇಳಿ ಮಾರಾಟದ ಕಾಗದ ಮಾಡಿಸಿಕೊಳ್ಳುವವರುಂಟು. ತಿರಿಗಿ ಕೊಡುವ ಷರತ್ತು ಅದೇ ಕಾಗದದಲ್ಲಿ ಬರೆದಿರದಿದ್ದರೆ ಆ ವ್ಯವಹಾರವು ಒತ್ತೆಯೆಂದು ಎಣಿಸಲ್ಪಡದೆಂಬದು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಗೆ ೧೯೨೯ರಲ್ಲಿ ಕೂಡಿಸಿದ ನಿಯಮ.

ನಿಜವಾದ ಒತ್ತೆಯಾದರೆ ಅದೇ ಕಾಯಿದೆಯು ಬಡವನ ಪಕ್ಷದಲ್ಲಿ ನಿಲ್ಲುತ್ತದೆ. ವಾಯಿದೆ ಬಂದ ಮೇಲೆ ಕೊಡತಕ್ಕ ಹಣವನ್ನು ಕೊಟ್ಟವನಿಗೆ ಕಾಗದಗಳನ್ನೂ ಸ್ವತ್ತನ್ನೂ ತಿರಿಗಿ ಪಡೆಯುವ ಹಕ್ಕಿದೆ. ಹೊಲವನ್ನು ಸಾಲಗಾರನೇ ಉಳುವ ಭೋಗ್ಯದ ಒತ್ತೆಯಲ್ಲಿ, ಬರೆದ ದಿನದಿಂದ ೩೦ ವರುಷಗಳು ಕಳೆದ ಮಾತ್ರಕ್ಕೆ ಬಿಡಿಸುವ ಹಕ್ಕು ಹೋಗುವದಿಲ್ಲವೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ತೀರ್ಮಾನಿಸಿತು. ಅಜ್ಜನ ಕಾಲದ ಭೋಗ್ಯದ ಕಾಗದವಿದ್ದವರು ಅದನ್ನು ಹರಿಯದೆ ಒಬ್ಬ ವಕೀಲನಿಗೆ ತೋರಿಸಲಿ.

ಸಾಲ ತೀರಿದ ದಿನ ಕೆಲಸ ಮುಗಿಯಲಿಲ್ಲ. ತೀರಿದ್ದಕ್ಕೆ ರಸೀದಿ ತಕ್ಕೊಂಡು, ನೋಂದಣಿ ಕಚೇರಿಯಲ್ಲಿ ಒತ್ತೆಯ ಬಿಡುಗಡೆಯನ್ನು ಬರೆಯಿಸಿ, ಹೊಲದ ಉತಾರದಲ್ಲಿಯ ಸಾಲದ ಬೋಜಾ ತೆಗೆಯಿಸಬೇಕು. ಪೂರ್ಣವಾಗಿ ತೀರಿದ ಸಾಲದ ಸ್ವತ್ತಿನ ಮೂಲ ಕಾಗದಗಳನ್ನು ಬ್ಯಾಂಕುಗಳು ೩೦ ದಿನಗಳೊಳಗೆ ಕೊಡಬೇಕೆಂದೂ, ತಮ್ಮ ತಪ್ಪಿನಿಂದ ತಡಮಾಡಿದರೆ ದಿನಕ್ಕೆ ೫,೦೦೦ ರೂಪಾಯಿ ಕೊಡಬೇಕೆಂದೂ ೨೦೨೩ರ ದಶಂಬರ ೧ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ಕಿರುಸಾಲದ ವಸೂಲಿಯವರು ಬಾಗಲಲ್ಲಿ ನಿಂತು ಬೆದರಿಸಿದರೆ ಹೆದರಿ ಇನ್ನೊಂದು ಸಾಲ ಮಾಡಬೇಡಿರಿ. ಇಂಥ ಬಲಾತ್ಕಾರವನ್ನು ತಡೆಯುವದಕ್ಕೆ ೨೦೨೫ರಲ್ಲಿ ಕರ್ನಾಟಕದಲ್ಲಿ ಕಾಯಿದೆಯಾಗಿದೆ. ಪೊಲೀಸ ಠಾಣೆಗೆ ಹೋಗಿ ಹೇಳಿರಿ. ಯಾವ ಸಾಲವೂ ಪ್ರಾಣಕ್ಕಿಂತ ದೊಡ್ಡದಲ್ಲ.

೬. ಕೂಡಿ ಹೊರುವ ಭಾರ

ಜರ್ಮನಿಯ ರೈನ್ ಸೀಮೆಯಲ್ಲಿ ರೈಫೈಸನ್ ಎಂಬ ಪ್ರೊಟೆಸ್ಟಂಟ್ ವಿಶ್ವಾಸಿಯು ಹಳ್ಳಿಗಳ ಅಧಿಕಾರಿಯಾಗಿದ್ದನು. ೧೮೪೬–೪೭ರ ಹಸಿವೆಯ ಚಳಿಗಾಲದಲ್ಲಿ ಅವನು ಬಡವರಿಗೆ ರೊಟ್ಟಿ ಒದಗಿಸುವ ಸಂಘವನ್ನು ಮಾಡಿ, ೧೮೬೪ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬ ಊರಲ್ಲಿ ಒಕ್ಕಲಿಗರ ಸಾಲದ ಸಂಘವನ್ನು ಸ್ಥಾಪಿಸಿದನು. ಈ ಮಾದರಿಯನ್ನು ನೋಡಿ ೧೯೦೪ರಲ್ಲಿ ಹಿಂದೂಸ್ಥಾನದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಆಯಿತು. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಂದು ಸಂಘವನ್ನು ಕಟ್ಟಿದರು. ಇಂದು ನಮ್ಮ ಹಳ್ಳಿಗಳಲ್ಲಿರುವ ಕೃಷಿ ಪತ್ತಿನ ಸಂಘಗಳು ಅದೇ ಬಳ್ಳಿಯ ಕಾಯಿಗಳು. ೨೦೨೩ರಲ್ಲಿ ಸರಕಾರವು ಇವುಗಳ ಮೂಲಕ ಬಡ್ಡಿಯಿಲ್ಲದೆ ಕೊಡುವ ಬೆಳೆಸಾಲದ ಮಿತಿಯನ್ನು ೩ ಲಕ್ಷದಿಂದ ೫ ಲಕ್ಷಕ್ಕೆ ಏರಿಸಿತು. ಆದರೆ ಈ ಉಪಕಾರವು ವಾಯಿದೆಗೆ ತಪ್ಪದೆ ತೀರಿಸುವವನಿಗೇ. ಬೆಳೆಗೆಂದು ತಂದದ್ದನ್ನು ಬೆಳೆಗೇ ಹಾಕಿರಿ.

ಕಡೆಯದಾಗಿ ಸಭೆಯ ಹಿರಿಯರಿಗೂ ಅನುಕೂಲವುಳ್ಳವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ನೆಹೆಮೀಯನು ತಾನೂ ತನ್ನವರೂ ಹಣವನ್ನೂ ಧಾನ್ಯವನ್ನೂ ಕೊಟ್ಟಿರುವದನ್ನು ಒಪ್ಪಿಕೊಂಡು, ಬಡ್ಡಿಯನ್ನು ಬಿಟ್ಟುಬಿಡುವದರಲ್ಲಿ ತನ್ನನ್ನೂ ಸೇರಿಸಿಕೊಂಡನು. ಆದಿತ್ಯವಾರ ಒಂದೇ ಮೇಜಿನಲ್ಲಿ ರೊಟ್ಟಿಯನ್ನು ತಕ್ಕೊಂಡ ಸಹೋದರನಿಂದ ಸೋಮವಾರ ನೂರಕ್ಕೆ ಮೂರು ವಸೂಲು ಮಾಡುವದು ಯುಕ್ತವೋ? ಸಭೆಯ ಕಾಣಿಕೆಯನ್ನೂ ಸಾಲ ತಂದು ಹಾಕಬೇಕೆಂದು ಯಾರೂ ಒತ್ತಾಯ ಮಾಡಬಾರದು. ಸಾಲದ ಮನೆಯಿಂದ ಬಂದ ಒಂದು ಮುಷ್ಟಿ ಅಕ್ಕಿಯನ್ನು ಕರ್ತನು ಬಲ್ಲನು.

ಸಭಾಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ವಿಧವೆಗೆ ಎಲೀಷನು ಹೇಳಿದ ಕ್ರಮಕ್ಕೂ ನಮ್ಮ ಮನೆಯ ಕ್ರಮಕ್ಕೂ ಏನು ಭೇದ?
೨. ನಮ್ಮ ಮನೆಯಲ್ಲಿ ಗಂಡ ಹೆಂಡರಿಬ್ಬರಿಗೂ ತಿಳಿಯದ ಸಾಲ ಉಂಟೋ?
೩. ಕಳೆದ ವರುಷ ನಾವು ಕೊಟ್ಟದ್ದರಲ್ಲಿ ಬಡ್ಡಿಗೆ ಎಷ್ಟು, ಅಸಲಿಗೆ ಎಷ್ಟು?
೪. ಒತ್ತೆಯ ಕಾಗದವು ಒತ್ತೆಯದೋ ಖರೀದಿಯದೋ, ಓದಿಸಿ ನೋಡಿದ್ದೇವೋ?
೫. ಸಾಲದಲ್ಲಿ ಬಿದ್ದ ಸಹೋದರನಿಗೆ ನಮ್ಮ ಸಭೆಯು ಈ ವರುಷ ಏನು ಮಾಡಬಲ್ಲದು?